ಏಕಾದಶಿಯಂದು ಮಾತ್ರ ಬಂದ ಜ್ವರ

ಇಂದು ಗುರುವಾರ, ಏಕಾದಶಿ. ಸಂಜೆ ಏಳೂವರೆ. ಬ್ಯಾಟರಾಯನಪುರದ ನಮ್ಮ ಮನೆಯ ದೇವರಕೋಣೆಯಲ್ಲಿ ನಾನು ಮತ್ತು ಸೊಸೆ ಸುಜಾತ ಇದ್ದೇವೆ. ಎಂಟಕ್ಕೆ ಒಂದು ಕೆಲಸವಿದೆ. ಅಷ್ಟರೊಳಗೆ, ವೆಂಕಟರಮಣ ನನ್ನನ್ನು ಉಳಿಸಿಕೊಂಡ ಬಗೆಯನ್ನು ಭಕ್ತರಿಗೆ ಬರೆದು ಮುಗಿಸುತ್ತೇನೆ.

ಹೋದ ಮಳೆಗಾಲದಲ್ಲಿ ನನಗೆ ಸೊಂಟನೋವು ಶುರುವಾಯಿತು. ವಯಸ್ಸು ಎಪ್ಪತ್ತಮೂರು. ಹಾಸ್ಟೆಲ್ ವಾರ್ಡನ್ ಆಗಿದ್ದವಳು, ನೋವೆಂದು ಮಲಗುವ ಅಭ್ಯಾಸವಿಲ್ಲ. ಹತ್ತಿರದ ಕ್ಲಿನಿಕ್ಕಿನವರು ಕೊಟ್ಟ ಮಾತ್ರೆಯನ್ನು ದಿನಕ್ಕೆ ಮೂರರಂತೆ ಹೊತ್ತಿಗೆ ಸರಿಯಾಗಿ ನುಂಗಿದೆ. ಆದರೆ ಏಕಾದಶಿಯಂದು ತೀರ್ಥ ಬಿಟ್ಟು ಏನನ್ನೂ ಬಾಯಿಗೆ ಹಾಕುವವಳಲ್ಲ. ಮಾತ್ರೆ ಶುರುವಾದ ಮೇಲಿನ ಮೊದಲ ಏಕಾದಶಿಯ ಸಂಜೆ ಮೈ ಕಾದು ನಡುಕ ಬಂತು. ದ್ವಾದಶಿ ಪಾರಣೆಯ ನಂತರ ಮಾತ್ರೆ ನುಂಗಿದೆ, ಇಳಿಯಿತು. ಮುಂದಿನ ಏಕಾದಶಿಗೂ ಹಾಗೆಯೇ. ಉಪವಾಸದ ಕಾವು ಎಂದುಕೊಂಡೆ.

“ಅತ್ತೆ, ಮಾತ್ರೆ ನುಂಗಿದ್ರೆ ದೇವ್ರೇನೂ ಮುನಿಸ್ಕೊಳಲ್ಲ” ಎಂದು ಗೊಣಗುತ್ತ ಸುಜಾತ ಜ್ವರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. ಮೂರನೆಯ ಸಲ ಕ್ಯಾಲೆಂಡರನ್ನೇ ಮೊಳೆಯಿಂದ ಕಿತ್ತುಕೊಂಡು, ನನ್ನನ್ನು ಆಟೋ ಹತ್ತಿಸಿ ಹೆಬ್ಬಾಳದ ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿನ ಡಾಕ್ಟರಮ್ಮ ಕ್ಯಾಲೆಂಡರಿನ ಗುರುತುಗಳನ್ನು ನೋಡಿ, “ಜ್ವರಾನೂ ಏಕಾದಶಿ ಮಾಡುತ್ತಾ ಅಜ್ಜಿ?” ಎಂದು ನಕ್ಕರು. ಅಂದು ನಾನು ನೋವಿನ ಮಾತ್ರೆಯನ್ನೂ ನುಂಗುವುದಿಲ್ಲವೆಂದು ಸುಜಾತ ಹೇಳಿದಾಗ ಮತ್ತೊಮ್ಮೆ ನೋಡಿದರು. ನಗು ನಿಂತಿತು. “ಇಲ್ಲ. ಜ್ವರ ದಿನಾ ಇದೆ. ನೋವಿನ ಮಾತ್ರೆ ಅದನ್ನ ಮುಚ್ಚಿಡ್ತಿದೆ.”

ಅಂದೇ ಸ್ಕ್ಯಾನ್ ಆಯಿತು. ಹೃದಯದಿಂದ ಹೊಟ್ಟೆಗಿಳಿಯುವ ಮಹಾಧಮನಿಯ ಗೋಡೆಗೆ ಸೋಂಕು ತಗುಲಿ, ಅದು ಬಲೂನಿನಂತೆ ಊದಿಕೊಂಡಿತ್ತು. ಒಡೆದರೆ ನಾನು ಉಳಿಯುವಂತಿರಲಿಲ್ಲ.

“ಹೊಟ್ಟೆ ಕೊಯ್ದು ಆ ಭಾಗ ತೆಗೀಬೇಕು. ನಿಮ್ಮ ಹೃದಯ ತಡ್ಕೊಳಲ್ಲ” ಎಂದರು ಸರ್ಜನ್. “ತೊಡೆಯ ರಕ್ತನಾಳದಿಂದ ಸ್ಟೆಂಟ್ ಕಳಿಸಿ ಒಳಗಿಂದ ಭದ್ರ ಮಾಡಬಹುದು. ಆದ್ರೆ ಸೋಂಕಿರೋ ಜಾಗದಲ್ಲಿ ಹೊರಗಿನ ವಸ್ತು ಇಡೋಕೆ ನಮಗೂ ಅಳುಕು. ಕ್ರಿಮಿ ಅದಕ್ಕೂ ಹತ್ತಬಹುದು.”

ಎಲ್ಲಕ್ಕೂ ವೇಳಾಪಟ್ಟಿ ಹಾಕಿದವಳಿಗೆ ನಾಳೆ ಎಂಬುದು ಇದೆಯೋ ಇಲ್ಲವೋ ತಿಳಿಯಲಿಲ್ಲ. ಸುಜಾತಳ ಕೈ ಹಿಡಿದುಕೊಂಡು, “ಸ್ವಾಮಿ, ನಿನ್ನ ಇಷ್ಟ” ಎಂದು ಸಹಿ ಹಾಕಿದೆ.

ಸ್ಟೆಂಟ್ ಕೂತಿತು. ವಾರಗಟ್ಟಲೆ ಡ್ರಿಪ್ಪಿನಲ್ಲಿ ಔಷಧಿ ಹೋಯಿತು. ಜ್ವರ ಮರಳಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರಮ್ಮ, “ಈ ಆಂಟಿಬಯೋಟಿಕ್ ಜೀವ ಇರೋವರೆಗೂ ತಗೋಬೇಕು. ಒಂದು ದಿನಾನೂ ತಪ್ಪಂಗಿಲ್ಲ, ಏಕಾದಶಿನೂ” ಎಂದರು.

ನನ್ನ ಹಟದಿಂದಲೇ ರೋಗವನ್ನು ತೋರಿಸಿದ ಸ್ವಾಮಿ, ಆಮೇಲೆ ಆ ಹಟವನ್ನೇ ಕಾಣಿಕೆಯಾಗಿ ಕೇಳಿದ. ಕೊಟ್ಟಿದ್ದೇನೆ. ನನ್ನನ್ನು ನೋಡಿ ಯಾರೂ ಔಷಧಿ ಬಿಡಬೇಡಿ.

ಎಂಟಾಯಿತು. ಸುಜಾತ ತಟ್ಟೆಯಲ್ಲಿ ತೀರ್ಥ, ಮಾತ್ರೆ ಎರಡನ್ನೂ ತಂದಳು. “ತಗೊಳ್ಳಿ ಅತ್ತೆ, ನೈವೇದ್ಯ ಮಾಡಿದೀನಿ.” ನುಂಗಿದೆ. ಕ್ಯಾಲೆಂಡರಿನಲ್ಲಿ ಇಂದಿನ ಚೌಕಕ್ಕೆ ಗುರುತು ಹಾಕಿ, ದೀಪ ಶಾಂತ ಮಾಡಿದೆ.