ತಂಗಿಯ ಹಾಡಿಗೆ ಬೇಕಾದ ಫೈಲುಗಳು

ನಿಮ್ಮ ಮನೆಯ ಕಂಪ್ಯೂಟರಿಗೆ ಕನ್ನಡ ಬರುತ್ತದೆಯೇ, ಇಲ್ಲ ನೀವೂ ನನ್ನ ಮೊಮ್ಮಗಳ ಹಾಗೆ ಅದನ್ನು ಕೇಳಿಯೇ ನೋಡಿಲ್ಲವೇ?

ಅವಳು ರಾಮನಗರದಲ್ಲಿ ನನ್ನ ಜೊತೆಗಿದ್ದುಕೊಂಡು ಗಣಿತ ಓದುತ್ತಾಳೆ. ಪುಸ್ತಕದ ಪುಟ ಜೋಡಿಸುವ ಒಂದು ಸಾಫ್ಟ್‌ವೇರ್ ಅವಳ ಲ್ಯಾಪ್‌ಟಾಪಿನಲ್ಲಿದೆ. ಲೆಕ್ಕದ ಗುರುತುಗಳನ್ನೆಲ್ಲ ಅದು ಮುತ್ತು ಪೋಣಿಸಿದಂತೆ ಕೂರಿಸುತ್ತದೆ. ನಾನು ಮೊಬೈಲಿನಲ್ಲಿ ಟೈಪ್ ಮಾಡಿದ ಸೋಬಾನೆ ಹಾಡುಗಳನ್ನು ಹಾಕಿದಾಗ ಮಾತ್ರ ಪುಟದ ತುಂಬ ಅಕ್ಷರಗಳ ಬದಲು ಖಾಲಿ ಡಬ್ಬಿಗಳು ಬಂದವು.

"ಟೈಪ್ ಕಲ್ತು ಇನ್ನೂ ವರ್ಸ ಆಗಿಲ್ಲ, ಆಗ್ಲೇ ಕಂಪ್ಯೂಟರ್ ಕೆಡಿಸ್‌ಬುಟ್ಟೆ ನೋಡಜ್ಜಿ," ಎಂದಳು.

"ನಿನ್ ಲೆಕ್ಕ ನುಂಗಿ ಅದುಕ್ಕೆ ಅಜೀರ್ಣ ಆಗೈತೆ ಕಣೇ. ನನ್ ಹಾಡೇನ್ ಮಾಡ್ತು?"

ಹಾಡುಗಳು ನನ್ನವೂ ಅಲ್ಲ. ಚನ್ನಪಟ್ಟಣದಲ್ಲಿ ಮಗಳ ಮನೆಯಲ್ಲಿರುವ ನನ್ನ ತಂಗಿಯವು. ಮಾಗಡಿ ಕಡೆಯ ನಮ್ಮ ಊರಿನಲ್ಲಿ ಅವಳಿಲ್ಲದೆ ಮದುವೆಯ ಹಸೆ ಹಾಡು ಏಳುತ್ತಿರಲಿಲ್ಲ. ಅವಳು ಮೊದಲ ಸಾಲು ಎತ್ತಿಕೊಡುತ್ತಿದ್ದಳು, ನಾನು ಹಿಂದೆ ನಿಂತು ಸೊಲ್ಲು ಹಿಡಿಯುತ್ತಿದ್ದೆ. ಈಗ ಅವಳ ನೆನಪು ಅಳಿಸಿಹೋಗುತ್ತಿದೆ. ಮೊದಲು ಊರು ಹೋಯಿತು, ಆಮೇಲೆ ತೀರಿಕೊಂಡ ಗಂಡ. ಹೋದ ಸಲ ನನ್ನನ್ನು ಬಳೆ ಮಾರುವವಳೆಂದುಕೊಂಡು ಕೈ ನೀಡಿದಳು. ಹಾಡುಗಳು ತನ್ನವೆಂದು ಅವಳಿಗೆ ತಿಳಿಯುವಾಗಲೇ ಪುಸ್ತಕ ಮಾಡಿ ಅವಳ ಕೈಗಿಡಬೇಕು, ಅಷ್ಟೇ ನನ್ನ ಆಸೆ.

ಕನ್ನಡದ ಫಾಂಟು, ಒತ್ತಕ್ಷರ ಜೋಡಿಸುವ ಫೈಲು ಎಂದು ಮೊಮ್ಮಗಳು ಏನೇನೋ ಇಳಿಸಿದಳು. ಮತ್ತೆ ಡಬ್ಬಿಗಳೇ.

"ಇಳಿಸ್ದಲ್ಲೇ! ಇನ್ನೇನಂತೆ ಅದುಕ್ಕೆ?"

"ಇಳಿಸುದ್ರೆ ಸಾಲ್ದಜ್ಜಿ. ಅದರ್ ಜಾಗದಲ್ಲೇ ಇಕ್ಬೇಕು. ಆಮೇಲೆ, ಬಂದೈತೆ ನೋಡು ಅಂತ ಹೇಳ್ಬೇಕು. ಹೇಳ್ದೆ ಇದ್ರೆ ಪಕ್ಕದಲ್ಲೇ ಇದ್ರೂ ಅದುಕ್ಕೆ ಕಾಣಾಕಿಲ್ಲ."

ರೇಷ್ಮೆ ಸಾಕಿದ ಮನೆಯವಳು ನಾನು. ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಅದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಗೂಡು ಕೆಡುತ್ತದೆಂದು ಬಲ್ಲೆ. ಇದೂ ಹಾಗೆಯೇ ಇರಬೇಕೆಂದುಕೊಂಡೆ.

ಅವಳು ಫೈಲುಗಳನ್ನು ಅವುಗಳ ಜಾಗದಲ್ಲಿಟ್ಟು, ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು ಒತ್ತಿದಳು. ಏನೇನೋ ಸರಸರ ಹರಿಯಿತು. ಪುಟವನ್ನು ಮತ್ತೆ ತೆರೆದಾಗ ಹಸೆ ಹಾಡು ಒತ್ತು, ದೀರ್ಘಗಳ ಸಮೇತ ನಿಂತಿತ್ತು.

"ನಿಮ್ ಚಿಕ್ಕಜ್ಜಿ ತಲೆಗೂ ಇಂಥದ್ದೊಂದ್ ಹಾಕ್‌ಬುಡೇ," ಎಂದೆ.

ತಮಾಷೆಗೇ ಅಂದದ್ದು. ಅವಳು ನಗಲಿಲ್ಲ. ನನ್ನ ಧ್ವನಿ ಸರಿಯಿರಲಿಲ್ಲವೇನೋ.

ಅಚ್ಚಾದ ಪುಸ್ತಕ ಹಿಡಿದು ಚನ್ನಪಟ್ಟಣದ ಬಸ್ಸು ಹತ್ತಿದೆ. ದಾರಿಯಲ್ಲಿ ಕೆಂಗಲ್ ಗುಡಿ ಬಂದಾಗ ಕೂತಲ್ಲೇ ಹನುಮಂತರಾಯನಿಗೆ ಕೈ ಮುಗಿದೆ. ಮನೆ ಸೇರಿ ಕೈಗಿಟ್ಟಾಗ ತಂಗಿ ಪುಸ್ತಕವನ್ನು ತಿರುಗಿಸಿ ನೋಡಿ, ರಟ್ಟು ಸವರಿ, ಮಗ್ಗುಲಿಗಿಟ್ಟು ಅದರ ಮೇಲೆ ಕಾಫಿ ಲೋಟ ಇಟ್ಟಳು. ಬಂದದ್ದನ್ನು ಹೇಳಬೇಕೆಂಬ ಮೊಮ್ಮಗಳ ಮಾತು ನೆನಪಾಯಿತು.

"ನಾನ್ ಬಂದಿವ್ನಿ ಕಣೇ, ನಿಮ್ಮಕ್ಕ," ಎಂದೆ.

ಬಾಗಿಲ ಕಡೆ ನೋಡಿದಳು.

ಲೋಟ ಪಕ್ಕಕ್ಕಿಟ್ಟು, ಪುಸ್ತಕ ಬಿಡಿಸಿ ಹಾಡತೊಡಗಿದೆ. ಅವಳ ಬೆರಳು ಮೊಣಕಾಲಿನ ಮೇಲೆ ತಾಳ ಹಾಕಿತು. ಎತ್ತಿಕೊಟ್ಟು ನನಗೆ ಅಭ್ಯಾಸವಿಲ್ಲ. ಎರಡನೆಯ ಸಾಲಿಗೇ ರಾಗ ತಪ್ಪಿ ನಿಂತುಬಿಟ್ಟೆ. ತಂಗಿ ಹುಬ್ಬು ಗಂಟಿಕ್ಕಿ ಪುಸ್ತಕ ಕಿತ್ತುಕೊಂಡಳು.

"ಎತ್ಕೊಡಾಕ್ ಬರ್ದಿದ್ ಮೇಲೆ ನನ್ ಹಾಡ್ಗೆ ಯಾಕವ್ವ ಕೈ ಹಾಕ್ದೆ? ಒಸಿ ಸುಮ್ಕಿರು. ನಮ್ಮಕ್ಕ ಬರ್ಲಿ, ಅವ್ಳು ಹಿಂದ್ಗಡೆ ನಿಂತ್ರೇನೇ ನಾನು ಹಾಡೋದು."