ಬಾದಾಮಿ ಬಿಸ್ಕತ್ತಿನ ಬದಲಿಗೆ

ಶೈಲಾ, ಐದು ವರ್ಷದ ಹಿಂದಿನ ದೀಪಾವಳಿಯಲ್ಲಿ ನಿನ್ನ ಅತ್ತೆಗೆ ಸಕ್ಕರೆ ತಿನ್ನಿಸಿದ್ದು ನೀನಲ್ಲ, ನಾನು. ಗೊತ್ತಿದ್ದೇ ತಿನ್ನಿಸಿದೆ. ಆಕೆ ನನ್ನ ಒಡಹುಟ್ಟಿದ ಅಕ್ಕ, ಸಕ್ಕರೆ ಕಾಯಿಲೆಯವಳು — ಅದೂ ಗೊತ್ತಿದ್ದು.

ನಾನು ಈ ಕಾಗದ ಬರೆಯುವುದನ್ನು ಕಂಡು ನಮ್ಮ ಯಜಮಾನರು, "ಹಳೇದು ಕೆದಕಿದ್ರೆ ಯಾರಿಗೇನ್ ಬರ್ತೈತೆ? ಸುಮ್ನಿರು" ಅಂದರು. ಸುಮ್ಮನಿದ್ದು ನೋಡಿದ್ದೇನೆ. ಅದರಿಂದ ಯಾರಿಗೇನು ಬಂತು ಎನ್ನುವುದೂ ನನಗೆ ಗೊತ್ತು. ಬರೆಯುತ್ತೇನೆ.

ಹಬ್ಬ ಹತ್ತಿರವಾದರೆ ಹೆಂಗಸರು ಮನೆಯಲ್ಲೇ ಹಿಟ್ಟು ಕಲಸಿ ದಾವಣಗೆರೆಯ ನಮ್ಮ ಬೇಕರಿಗೆ ತರುತ್ತಾರೆ. ನಾವು ತಟ್ಟೆಗೆ ಜೋಡಿಸಿ, ಭಟ್ಟಿಯಲ್ಲಿ ಸುಟ್ಟು ಕೊಡುತ್ತೇವೆ. ಆ ವರ್ಷ ನೀನು ಹರಿಹರದಿಂದ ಎರಡು ಡಬ್ಬಿ ಹೊತ್ತು ಬಸ್ಸಿನಲ್ಲಿ ಬಂದೆ. ಜೊತೆಗೊಂದು ನೋಟ್‌ಬುಕ್ಕು. ಒಂದು ಹಾಳೆಯಲ್ಲಿ ಬಂದವರಿಗೆ ಮಾಡುವುದು — ಮೈದಾ ನಾನ್‌ಖಟಾಯಿ, ಕರ್ಜಿಕಾಯಿ, ರವೆಉಂಡಿ. ಇನ್ನೊಂದರಲ್ಲಿ ಅತ್ತೆಗೆ — ಬಾದಾಮಿ ಹಿಟ್ಟು, ಕೊಬ್ಬರಿ ಪುಡಿ, ತುಪ್ಪದ ಬಿಸ್ಕತ್ತು, ಸಕ್ಕರೆ ಬದಲು ಸ್ಟೀವಿಯಾ. ದಿನಕ್ಕೆ ಎಷ್ಟು ಕೊಡಬೇಕು ಎನ್ನುವುದನ್ನೂ ಬರೆದಿದ್ದೆ. ಹಬ್ಬದ ದಿನ ಆಕೆ ಉಳಿದವರ ಬಾಯಿ ನೋಡುತ್ತ ಕೂಡಬಾರದು ಎಂಬುದು ನಿನ್ನ ಆಸೆ.

"ಬಾದಾಮಿ ಬಿಸ್ಕತ್ತು ತಿನ್ನಾಕೆ ನಮ್ಮಕ್ಕ ಯಾವೂರ ಮಹಾರಾಣಿನೇ?" ಎಂದು ನಾನು ನಕ್ಕೆ.

"ಮಹಾರಾಣಿ ಆಗಿದ್ರೆ ಇಷ್ಟು ಬೈತಿದ್ದಿಲ್ಲ ಬಿಡ್ರಿ ಚಿಕ್ಕತ್ತೆ," ಎಂದು ನೀನೂ ನಕ್ಕೆ. ಆಮೇಲೆ ಹೇಳಿದೆ — "ಇವನ್ನ ಮೈದಾದ ಜೊತಿಗೆ ಇಡಬ್ಯಾಡ್ರಿ. ಭಟ್ಟಿ ಕಾವು ಇಳಿದ ಮ್ಯಾಲೆ ಇಡ್ರಿ. ಲಗೂನ ಸೀದುಬಿಡ್ತಾವು."

ನನಗೇ ಭಟ್ಟಿಯ ಪಾಠವೇ ಎನಿಸಿತು. ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಹೊತ್ತು ಖಾರ ಬನ್ನು ಮಾರಿ, ಮೈದಾ ಮಂಡಿಯವರ ಹತ್ತಿರ ಚೌಕಾಸಿ ಮಾಡಿ ಮಾಡಿ ಸ್ವಂತ ಬೇಕರಿ ಇಟ್ಟವಳು ನಾನು. ನೀನು ಬಟ್ಟೆ ತರಲು ಪೇಟೆಗೆ ಹೋದ ಮೇಲೆ ನಿನ್ನ ತಟ್ಟೆಯನ್ನು ಮೈದಾ ತಟ್ಟೆಗಳ ನಡುವೆಯೇ ಒಳಗೆ ದೂಡಿದೆ. ತೆಗೆದಾಗ — ಇದ್ದಿಲು.

ಮತ್ತೆ ಕಲಸಲು ಮಂಡಿಪೇಟೆಯಲ್ಲಿ ಬಾದಾಮಿ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಹೊತ್ತಿರಲಿಲ್ಲವೇ? ಇತ್ತು. ಆದರೆ ಡಬ್ಬಿ ಹಿಡಿದು ಸಾಲಾಗಿ ನಿಂತ ಹೆಂಗಸರ ಮುಂದೆ, ನನ್ನ ಕೈಯಲ್ಲಿ ಒಂದು ತಟ್ಟೆ ಸೀದುಹೋಯಿತು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ನಮ್ಮ ಮೈದಾ ನಾನ್‌ಖಟಾಯಿ ಹಿಟ್ಟನ್ನೇ ನಿನ್ನ ಬಿಸ್ಕತ್ತಿನ ಹಾಗೆ ಚಪ್ಪಟೆ ತಟ್ಟಿ, ಮೇಲೆ ಕೊಬ್ಬರಿ ಪುಡಿ ಉದುರಿಸಿ ಸುಟ್ಟೆ. ಎರಡು ತಿಂದರೆ ಏನಾಗುತ್ತದೆ ಅಂದುಕೊಂಡೆ — ಇಲ್ಲ, ಅದನ್ನೂ ಅಂದುಕೊಳ್ಳಲಿಲ್ಲ. ನನ್ನ ಹೆಸರು ಉಳಿಯಿತು ಅಂದುಕೊಂಡೆ, ಅಷ್ಟೇ.

ಅತ್ತೆಗೆಂದು ಎಣಿಸಿ ಮಾಡಿದ್ದೆಂದು ನೀನು ಒಂದನ್ನೂ ರುಚಿ ನೋಡಲಿಲ್ಲ. ಅಕ್ಕ ಫೋನು ಮಾಡಿದಳು: "ನಮ್ಮ ಸೊಸಿ ಕೈಗೆ ಈಗ ರುಚಿ ಬಂತು ನೋಡು. ಸಕ್ಕರಿ ಇಲ್ಲಂದ ಮ್ಯಾಲೆ ಲೆಕ್ಕ ಯಾಕ? ಚಾದ ಜೊತಿಗೆ ಹಿಡಿ ಹಿಡಿ ತಿನ್ನಾಕ್ಹತ್ತೀನಿ." ಆಗಲಾದರೂ ಬಾಯಿ ಬಿಡಬಹುದಿತ್ತು. ಮೂರನೆಯ ದಿನ ಆಕೆ ತಲೆಸುತ್ತಿ ಬಿದ್ದಳು. ದಾವಣಗೆರೆಯ ಆಸ್ಪತ್ರೆಗೆ ತಂದಿರಿ. ರಕ್ತದಲ್ಲಿ ಸಕ್ಕರೆ ವಿಪರೀತ ಏರಿದೆ ಎಂದರು ಡಾಕ್ಟರು.

ಮಂಚದ ಮೇಲೆ ಎದ್ದು ಕೂತ ದಿನವೇ, ನೋಡಲು ಬಂದವರೆಲ್ಲರ ಮುಂದೆ ನಿನ್ನನ್ನು ಕೇಳಿದಳು — "ಸಕ್ಕರಿ ಸುರುವಿ, ಸಕ್ಕರಿ ಇಲ್ಲ ಅಂದ್ಯಲ್ಲೇ. ನಾ ಹೋದ್ರೆ ಮನಿ ನಿನ್ನ ಕೈಗೆ ಬರ್ತೈತೆ ಅಂತಾನ?"

ನೀನು ನನ್ನ ಕಡೆ ತಿರುಗಿದೆ. "ಚಿಕ್ಕತ್ತೆ, ನೀವ ಹೇಳ್ರಿ. ನಾ ತಂದ ಹಿಟ್ಟಿನಾಗೆ ಸಕ್ಕರಿ ಇತ್ತೇನ್ರಿ?"

ನಾನು ಹೇಳಿದೆ: "ನಾ ಸುಟ್ಟು ಕೊಟ್ಟೀನಿ ಅಷ್ಟೇವ್ವ. ಹಿಟ್ಟು ಕಲಸಿದಾಕಿ ನೀನು."

ಈ ಮಾತಿನಲ್ಲಿ ಸುಳ್ಳು ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ಹಾಗೆ ಜೋಡಿಸಿ ಆಡಿದೆ, ಶೈಲಾ. ವ್ಯಾಪಾರದಲ್ಲಿ ಕಲಿತ ನಾಲಿಗೆ ಅದು.

ಅವತ್ತಿನಿಂದ ಅಕ್ಕ ನೀನು ಮಾಡಿದ ಚಹಾವನ್ನೂ ಮುಟ್ಟಿಲ್ಲ. ಮನೆಗೆ ಯಾರು ಬಂದರೂ "ಇಕಿ ನನಗೆ ಸಕ್ಕರಿ ಇಕ್ಕಿದಾಕಿ" ಎಂದೇ ನಿನ್ನ ಪರಿಚಯ ಮಾಡುತ್ತಾಳೆ. ನಿನ್ನ ಗಂಡ ತಲೆ ತಗ್ಗಿಸುತ್ತಾನೆ. ಅದನ್ನು ಪ್ರತಿ ಹಬ್ಬದಲ್ಲೂ ನೋಡಿದ್ದೇನೆ — ನೋಡಿ, ಉಂಡು, ಕೈ ತೊಳೆದು ಬಂದಿದ್ದೇನೆ.

ಹೋದ ವಾರ ಅಕ್ಕನ ಫೋನು. "ಸಕ್ಕರಿ ಇಲ್ಲದ್ದು ಈ ಸಲ ನೀನ ಮಾಡಿ ಕಳ್ಸು. ಶೈಲಾ ಮತ್ತ ಪಟ್ಟಿ ಬರಕಂಡು ಕುಂತಾಳ. ಆಕಿ ಕೈಯಾಗಿಂದು ನಂಗೆ ಬ್ಯಾಡ. ನಿನ್ನ ಕೈ ಮ್ಯಾಲೆ ನಂಬಿಕಿ ಐತೆ." ಐದು ವರ್ಷ ಬೈಸಿಕೊಂಡೂ ನೀನು ಮತ್ತೆ ಪಟ್ಟಿ ಬರೆಯುತ್ತಿದ್ದೀಯ ಎಂದು ಕೇಳಿ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಮಾಡುವುದಿಲ್ಲ ಎಂದುಬಿಟ್ಟೆ. ಯಾಕ ಎಂದಳು. ಬಂದು ಹೇಳ್ತೀನಿ ಎಂದೆ.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಹೇಳುತ್ತೇನೆ: ಎಷ್ಟೇ ಹತ್ತಿರದವರ ಬೇಕರಿಯಾಗಲಿ, ಹಿಟ್ಟು ಕೊಟ್ಟ ಮೇಲೆ ತಟ್ಟೆ ಹೊರಗೆ ಬರುವವರೆಗೂ ಅಲ್ಲೇ ನಿಲ್ಲು. ಬಂದದ್ದರಲ್ಲಿ ಒಂದನ್ನು ಮುರಿದು ಬಾಯಿಗೆ ಹಾಕಿಕೊ. ಬಾದಾಮಿ ಹಿಟ್ಟಿಗೆ ಕಾವು ಕಡಿಮೆಯೇ ಇರಬೇಕು — ನೀನು ಹೇಳಿದ್ದು ಸರಿ.

ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಹಾಗೆ ಹೇಳಿದರೆ ಅಕ್ಕ ತನ್ನ ತಂಗಿಯ ಮಾನ ಮುಚ್ಚುತ್ತಾಳೆ, ನಿನ್ನ ಮೇಲಿನ ಮಾತು ಹಾಗೇ ಉಳಿಯುತ್ತದೆ. ಆದ್ದರಿಂದ ಹಬ್ಬದ ದಿನವೇ ಹರಿಹರಕ್ಕೆ ಬರುತ್ತೇನೆ. ಮಲೆಬೆನ್ನೂರಿನ ಬೀಗರು, ಓಣಿಯವರು — ನಿನ್ನನ್ನು ಹಂಗಿಸುವಾಗ ಕೇಳಿಸಿಕೊಂಡವರೆಲ್ಲ ಕೂತಿರಬೇಕು. ಅಕ್ಕ ಒಳಗೆ ಬಿಡದಿದ್ದರೆ ಹೊಸ್ತಿಲಲ್ಲಿ ನಿಂತು ಹೇಳುತ್ತೇನೆ. ನಾಳೆಯಿಂದ ಯಾರೂ ನಮ್ಮ ಬೇಕರಿಗೆ ಹಿಟ್ಟು ತರದಿದ್ದರೆ ತರದಿರಲಿ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ; ಕೇಳಿದರೆ ನೀನು ಕೊಟ್ಟುಬಿಡುತ್ತೀಯ.

"ಹೋಗ್ಲಿ ಬಿಡ್ರಿ ಚಿಕ್ಕತ್ತೆ" ಅನ್ನುವುದು ನಿನ್ನ ಸ್ವಭಾವ. ಅವತ್ತು ಅನ್ನಬೇಡ. ನಾನು ಪೂರ್ತಿ ಹೇಳಬೇಕು.