ಪೀತಮ್‌ಪುರದಲ್ಲಿ ಕೇಳಿಸಿದ ‘ಮಿಸ್, ಮರ್ತೋಯ್ತು’

ವಿಚಿತ್ರ ಅನುಭವಗಳನ್ನು ಬರೆಯುವವರ ಮೇಲೆ ನನಗೆ ಮೊದಲು ಅಂಥ ಗೌರವವೇನೂ ಇರಲಿಲ್ಲ. ಹಾಸನದ ಕಾನ್ವೆಂಟಿನಲ್ಲಿ ಓದಿದವಳು ನಾನು. ಗೆಳತಿಯರು ದೆವ್ವದ ಕಥೆ ತೆಗೆದರೆ, ‘ಹಾಲು ಕುಡಿದು ಮಲಗ್ರೇ’ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಆದ್ದರಿಂದ ನೀವೀಗ ನನ್ನನ್ನು ನಂಬದಿದ್ದರೆ ಬೇಸರವಿಲ್ಲ. ಅರ್ಧ ನಂಬುತ್ತೇನೆ ಎಂದು ಮಾತ್ರ ಹೇಳಬೇಡಿ.

ಕೆಲವು ವರ್ಷಗಳ ಹಿಂದಿನ ಜೂನ್ ತಿಂಗಳು. ದಿಲ್ಲಿಯ ಪೀತಮ್‌ಪುರದ ಮನೆಯಲ್ಲಿ ಮಧ್ಯಾಹ್ನದ ಅಡಿಗೆಗೆ ಸೋರೆಕಾಯಿ ಹೆರೆಯುತ್ತಿದ್ದೆ. ಹೊರಗೆ ಲೂ ಎನ್ನುವ ಬಿಸಿಗಾಳಿ ಬೀಸುತ್ತಿತ್ತು. ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುವಂತಿತ್ತು. ಫ್ರಿಜ್ಜಿನ ಮೇಲಿನ ರೇಡಿಯೋದಲ್ಲಿ ಎಫ್‌ಎಂನ ಹಿಂದಿ ಹಾಡು ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಸವೆದುಹೋಗಿ, ಅದೇ ಜಾಗದಲ್ಲಿ ಕನ್ನಡ ಕೇಳಿಸಿತು. ಉದ್ಘೋಷಕರು ನಮ್ಮ ಹಾಸನ ಕೇಂದ್ರದ ಹೆಸರನ್ನೇ ಹೇಳಿದರು. ದನಿ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಉಬ್ಬುತ್ತಿತ್ತು.

ಆಮೇಲೆ ಒಂದು ಮಗು ಬೆಕ್ಕಿನ ಮೇಲೆ ಪದ್ಯ ಹೇಳತೊಡಗಿತು. ನಡುವೆ ತಡವರಿಸಿ, ಮೆಲ್ಲಗೆ, ‘ಮಿಸ್, ಮರ್ತೋಯ್ತು’ ಎಂದಿತು.

ಆ ಮಗು ನಾನು. ಪದ್ಯವೂ ನಾನೇ ಬರೆದದ್ದು. ಐದನೇ ಕ್ಲಾಸಿನಲ್ಲಿದ್ದಾಗ ಮಕ್ಕಳ ಕಾರ್ಯಕ್ರಮಕ್ಕೆಂದು ನಮ್ಮನ್ನು ರೇಡಿಯೋ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದರು. ನಾನು ಮರೆತು ನಿಂತ ಭಾಗವನ್ನು ಅಲ್ಲಿ ಕತ್ತರಿಸಿಹಾಕಿ, ಎರಡನೇ ಸಲ ಸರಿಯಾಗಿ ಹೇಳಿದ್ದನ್ನು ಪ್ರಸಾರ ಮಾಡಿದ್ದರು. ಮನೆಮಂದಿಯೆಲ್ಲ ಕೂತು ಕೇಳಿದ್ದೆವು. ಆ ಮಾತು ಅದರಲ್ಲಿ ಇರಲಿಲ್ಲ.

ಮಾನೇಸರ್‌ನಲ್ಲಿ ಕೆಲಸ ಮುಗಿಸಿ ಬಂದ ಯಜಮಾನರಿಗೆ ಹೇಳಿದೆ. ‘ಒಲೆ ಮುಂದೆ ನಿಂತು ತಲೆಗೆ ಬಿಸಿ ಏರಿದೆ ಕಣೇ’ ಎಂದು ನಕ್ಕರು. ಮಗಳು, ‘ಮಮ್ಮಾ, ಎಸಿ ಹಾಕ್ಕೊಂಡು ಸೋ ಜಾವೋ ನಾ’ ಎಂದು ಮಲಗಲು ಹೇಳಿದಳು. ಊರಲ್ಲಿದ್ದ ತಮ್ಮನನ್ನು ವಿಚಾರಿಸಿದರೆ, ಆ ಹೊತ್ತಿಗೆ ಅಲ್ಲಿ ಬರುತ್ತಿದ್ದದ್ದು ರೈತರ ಕಾರ್ಯಕ್ರಮವಂತೆ. ಅಲ್ಲಿಗೆ ಮನೆಯಲ್ಲಿ ನಗು ನಿಂತಿತು. ನನ್ನನ್ನು ಡಾಕ್ಟರ ಬಳಿ ಕರೆದೊಯ್ದರು. ನನ್ನ ಹಿಂದಿ ಗೊತ್ತಲ್ಲ! ‘ಬಚಪನ್ ಕೀ ಆವಾಜ್ ಆಯೀ ಥೀ’, ಬಾಲ್ಯದ ದನಿ ಬಂದಿತ್ತು, ಎಂದೆ. ರೇಡಿಯೋದಲ್ಲಿ ಎನ್ನುವ ಮಾತು ಬಾಯಿಗೆ ಬರುವಷ್ಟರಲ್ಲಿ ಅವರು, ‘ಆವಾಜೇಂ ಕಬ್ ಸೇ ಆತೀ ಹೈಂ?’ ಎಂದು, ಇಂಥ ದನಿಗಳು ಕೇಳಿಸತೊಡಗಿ ಎಷ್ಟು ದಿನವಾಯಿತೆಂದು, ಬಹಳ ಮೃದುವಾಗಿ ಕೇಳಿ, ಗುಳಿಗೆ ಬರೆದುಕೊಟ್ಟರು.

ಗುಳಿಗೆಯ ಪೊಟ್ಟಣ ಊಟದ ಮೇಜಿನ ಮೇಲೆ ಕೂತಿತು. ನಾನು ಮುಟ್ಟಲಿಲ್ಲ. ಕೊನೆಗೆ ಯಜಮಾನರು ಹೌಜ್ ಖಾಸ್‌ನ ಕಾಲೇಜಿನಲ್ಲಿ ಪಾಠ ಮಾಡುವ ತಮ್ಮ ಧಾರವಾಡದ ಗೆಳೆಯರನ್ನು ಚಹಾಕ್ಕೆ ಕರೆದರು. ಅವರು ಅಯಾನುಗೋಳವನ್ನೇ, ಎಂದರೆ ರೇಡಿಯೋ ಅಲೆಗಳನ್ನು ತಿರುಗಿಸಿ ಕಳಿಸುವ ಮೇಲಿನ ವಾಯುಪದರವನ್ನೇ, ಅಭ್ಯಾಸ ಮಾಡಿದವರು.

‘ವೈನಿ ಕೇಳಿದ್ದು ಖರೇನ ಐತಿ’ ಎಂದರು ಅವರು, ನನ್ನನ್ನು ಅತ್ತಿಗೆ ಮಾಡಿಕೊಂಡು. ‘ಭಾಳ ಎತ್ತರದಾಗ, ಉಲ್ಕೆ ಸುಟ್ಟು ಉಳಿದ ಲೋಹ ಗಾಳಿಗೆ ಸಿಕ್ಕು ತೆಳ್ಳಗ ಪದರಾಗಿ ಕೂಡತೈತಿ. ಹಾಲಿನ ಕೆನಿ ಸುಕ್ಕಾಗತೈತಲ್ಲ, ಹಂಗ ಅದೂ ಅಲ್ಲಲ್ಲಿ ಗಂಟು ಗಂಟಾಗತೈತಿ. ಬ್ಯಾಸಗಿ ಹಗಲಾಗಂತೂ ಜಾಸ್ತಿ. ಆಕಾಶಕ್ಕ ಹೋಗಿಬಿಡೋ ಎಫ್‌ಎಂ ಅಂಥಾ ಕಡೆ ಬಡಿದು, ಎಲ್ಲೋ ದೂರದ ಅಡಿಗಿಮನ್ಯಾಗ ಬೀಳತೈತಿ.’

ಯಜಮಾನರ ಮುಖ ಎಷ್ಟು ಹಗುರಾಯಿತೆಂದರೆ, ಇಡೀ ತಟ್ಟೆ ನಿಪ್ಪಟ್ಟನ್ನು ಗೆಳೆಯರ ಮುಂದೆ ನೂಕಿದರು.

‘ಹಾಗಾದರೆ ಆ ಮಗು?’ ಎಂದೆ.

ಗೆಳೆಯರು ಚಹಾದ ಕಪ್ಪು ಕೆಳಗಿಟ್ಟರು. ‘ಅದೊಂದು ಬಿಡ್ರಿ ವೈನಿ. ದನಿ ಏರಿಳಿತದಾಗ ಮನಸ್ಸು ಏನರೆ ಕೂಡಿಸಿಕೊಂಡಿರತೈತಿ. ಹಾಸನ ಕೇಳಿತು ಅಂತ ನಾ ಬರಕೊಳ್ತೀನಿ. ನಮಗ ಉಪಯೋಗ ಆಗತೈತಿ.’

‘ಹ್ಞೂಂ ಅನ್ನೇ’ ಎಂದರು ಯಜಮಾನರು. ‘ಗುಳಿಗೆ ಕಾಟವೂ ತಪ್ಪುತ್ತೆ.’

ಒಂದು ಹ್ಞೂಂ ಸಾಕಿತ್ತು. ಹಾಸನ ನಿಜ, ಮಗು ಸುಳ್ಳು ಎಂದರೆ ನಾನು ಪೂರ್ತಿ ಸರಿಯಾದ ಹೆಂಗಸಾಗುತ್ತಿದ್ದೆ. ನಾನು ಎಂದೂ ಯಾರಿಗೂ ಎದುರು ಮಾತಾಡಿದವಳಲ್ಲ. ಅಂದು ಆಡಿದೆ. ‘ಎರಡೂ ಒಂದೇ ಕಿವಿಯಲ್ಲಿ ಕೇಳಿದ್ದು ಸರ್. ಬರೆಯೋದಾದರೆ ಎರಡನ್ನೂ ಬರೀರಿ. ಇಲ್ಲಾಂದ್ರೆ ಹಾಸನವನ್ನೂ ಬಿಟ್ಟುಬಿಡಿ.’

ಅವರು ಬರೆದುಕೊಳ್ಳಲಿಲ್ಲ. ಯಜಮಾನರು ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನಾನು ಗುಳಿಗೆ ನುಂಗಲೂ ಇಲ್ಲ, ಇಂದಿನವರೆಗೆ ಮಾತು ಬದಲಾಯಿಸಲೂ ಇಲ್ಲ. ಆಕಾಶದ ಆ ಪದರು ಹಾಸನವನ್ನು ದಿಲ್ಲಿಗೆ ತಂದದ್ದು ಹೇಗೆಂದು ಈಗ ನನಗೆ ಗೊತ್ತು. ಪ್ರಸಾರವೇ ಆಗದ ಮಾತು ಅದಕ್ಕೆ ಎಲ್ಲಿ ಸಿಕ್ಕಿತೋ ಗೊತ್ತಿಲ್ಲ. ಗೊತ್ತಿಲ್ಲ ಎನ್ನಲು ನನಗೆ ನಾಚಿಕೆಯಿಲ್ಲ. ಕೇಳಲಿಲ್ಲ ಎಂದು ಮಾತ್ರ ಹೇಳಲಾರೆ.